ಟಿಕೆಟ್ ಕೇಳದ ಟಿಕೆಟ್ ಆಂಟಿ

ಹೋದ ತಿಂಗಳು ಟಿಕೆಟ್ ಆಂಟಿ ನಿವೃತ್ತರಾದರು. ಮಾರನೆಯ ದಿನವೇ ನನಗೆ ಫೋನ್ ಮಾಡಿ, ಸಮಾಮಿಶ್‌ನಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿರುವ ಹಲ್ಲಿನ ಡಾಕ್ಟರು ಯಾರಾದರೂ ಗೊತ್ತೇ ಎಂದು ಕೇಳಿದರು. ಹಲ್ಲು ನೋವೇ ಅಕ್ಕ ಎಂದೆ. ನೋವೂ ಇಲ್ಲ ಏನೂ ಇಲ್ಲ, ಹೊಸ ಡಾಕ್ಟರಿಗೆ ಜನ ಬೇಕು, ನಮ್ಮ ಆಟಕ್ಕೆ ಬ್ಯಾನರು ಬೇಕು, ಇಬ್ಬರನ್ನೂ ಕೂಡಿಸಿಬಿಟ್ಟರೆ ಆಯಿತು ಎಂದರು. ನೀವು ರಿಟೈರ್ ಆಗಿ ಇನ್ನೂ ಒಂದು ದಿನವೂ ಆಗಿಲ್ಲ ಎಂದು ನೆನಪಿಸಿದೆ. "ಕೆಲಸದಿಂದ ಆದೆ ಕಣಪ್ಪ, ಆಟದಿಂದ ಆದ್ನಾ?" ಎಂದು ಫೋನ್ ಇಟ್ಟರು.

ಇಂಥವರ ಬಗ್ಗೆ ಸಮಾಧಾನವಾಗಿ ಕೂತು ಬರೆಯುವುದು ಕಷ್ಟ. ನೆನೆಸಿಕೊಂಡರೆ ನನಗೇ ಎದ್ದು ಓಡಾಡಬೇಕು ಅನಿಸುತ್ತದೆ. ನಾನು ಆಟ ಅಂದರೆ ಸೋಫಾದ ಮೇಲೆ ಕಾಲು ಚಾಚಿ ಕ್ರಿಕೆಟ್ ನೋಡುವುದು ಎಂದು ನಂಬಿದ್ದವನು. ಅಂಥ ಸೋಮಾರಿಯನ್ನು ಎರಡು ವರ್ಷ ಗಂಟಲು ಕಿತ್ತುಹೋಗುವ ಹಾಗೆ ಕೂಗಿಸಿದ ಪುಣ್ಯಾತ್ಮರು ಅವರು.

ಅವರು ಸಿಕ್ಕಿದ್ದು ಪಾರ್ಕಿಂಗ್ ಲಾಟಿನಲ್ಲಿ. ಪರದೇಶದ ಈ ನಮ್ಮ ಸಮಾಮಿಶ್‌ನಲ್ಲಿ ಮಕ್ಕಳನ್ನು ಯಾವ ಕ್ಲಾಸಿಗೆ ಬಿಟ್ಟರೂ ಅಪ್ಪಂದಿರ ಗತಿ ಒಂದೇ. ಒಳಗೆ ಹೋಗಲು ಬೇಸರ, ಮನೆಗೆ ಹೋಗಿ ಬರಲು ಹೊತ್ತು ಸಾಲದು. ಹೀಗಾಗಿ ಕಾರಿನಲ್ಲೇ ಹೀಟರ್ ಹಾಕಿಕೊಂಡು ಕೂತು ಊರಿಗೆ ಫೋನ್ ಮಾಡುವುದು. ಅವತ್ತು ಮಗಳು ಸ್ಕೂಲಿನ ಜಿಮ್ಮಿನಲ್ಲಿ ವಾಲಿಬಾಲ್ ಅಭ್ಯಾಸ ಮಾಡುತ್ತಿದ್ದಳು. ನಾನು ಹೊರಗೆ ಕೂತು ಕನಕಪುರ ರಸ್ತೆಯ ಸೈಟಿನ ವಿಚಾರಕ್ಕೆ ಭಾವಮೈದುನನ ಜೊತೆ ಜಗಳವಾಡುತ್ತಿದ್ದೆ. ಯಾರೋ ಕಿಟಕಿ ತಟ್ಟಿದರು. ಗಾಜು ಇಳಿಸಿದರೆ, ಸುರಿಯುವ ಮಳೆಯಲ್ಲಿ ತಲೆಗೆ ಒಂದು ಟೋಪಿಯೂ ಇಲ್ಲದೆ, ಕೊರಳಲ್ಲಿ ಮಾಂಗಲ್ಯದ ಜೊತೆಗೆ ಒಂದು ಸೀಟಿಯನ್ನೂ ಹಾಕಿಕೊಂಡ, ಅರವತ್ತರ ಹತ್ತಿರದ ಹೆಂಗಸು ನಿಂತಿದ್ದರು.

"ಬ್ಲೂಟೂತ್‌ನಲ್ಲಿ ಮಾತಾಡಿದ್ರೆ ಹೊರಗಡೆನೂ ಕೇಳತ್ತೆ ಸ್ವಾಮಿ," ಎಂದರು. "ನಿಮ್ಮ ಭಾಮೈದ ಹೇಳ್ತಿರೋದೇ ಸರಿ ಅನ್ಸತ್ತೆ ನಂಗೆ. ಅದಿರ್ಲಿ, ಒಳಗೆ ಬನ್ನಿ, ನಿಮ್ಮ ಮಗಳು ಸರ್ವ್ ಮಾಡ್ತಿದಾಳೆ."

ನನಗೆ ಸಿಟ್ಟು ಬಂತು. ಆದರೆ ಭಾವಮೈದುನನೂ ಅದನ್ನು ಕೇಳಿಸಿಕೊಂಡು ಆ ಕಡೆಯಿಂದ ನಗುತ್ತಿದ್ದ. ಬೇರೆ ದಾರಿ ಕಾಣದೆ ಇಳಿದು ಒಳಗೆ ಹೋದೆ. ಮಗಳು ಹೊಡೆದ ಚೆಂಡು ನೆಟ್ಟಿಗೆ ಬಡಿಯಿತು, ಮುಂದಿನದು ದಾಟಿತು. ದಾಟಿದ್ದನ್ನು ನಾನು ನೋಡಿದೆ ಎಂಬುದನ್ನು ಅವಳೂ ನೋಡಿದಳು. ಮನೆಗೆ ಹೋಗುವಾಗ ಕಾರಿನಲ್ಲಿ ಅವಳು ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ.

ಸ್ಕೂಲಿನ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದದ್ದು ಬಿಡುವಿನಲ್ಲಿ, ಅವರ ನಿಜವಾದ ಕೆಲಸ ಏನೆಂದು ಹೇಳಬೇಕು. ಇಲ್ಲಿನ ಕಾಲೇಜುಗಳು ತಮಗೆ ಸರಿಸಮವಾದ ಅಕ್ಕಪಕ್ಕದ ಕಾಲೇಜುಗಳ ಜೊತೆ ಒಕ್ಕೂಟ ಕಟ್ಟಿಕೊಂಡು ವರ್ಷವಿಡೀ ತಮ್ಮೊಳಗೆ ಪಂದ್ಯ ಆಡುತ್ತವೆ. ಅದಕ್ಕೆ ಕಾನ್ಫರೆನ್ಸ್ ಅನ್ನುತ್ತಾರೆ. ದೊಡ್ಡ ಕಾನ್ಫರೆನ್ಸುಗಳಿಗೆ ಟಿವಿಯವರೇ ಹುಡುಕಿಕೊಂಡು ಬಂದು ದುಡ್ಡು ಸುರಿಯುತ್ತಾರೆ. ಅಕ್ಕನ ಕಾನ್ಫರೆನ್ಸಿನಲ್ಲಿ ಇದ್ದದ್ದು ಎಂಟು ಪುಟ್ಟ ಕಾಲೇಜುಗಳು. ಹೆಸರು ಹೇಳಿದರೆ ಪಕ್ಕದ ಊರಿನವರೇ ಅದು ಎಲ್ಲಿದೆ ಎಂದು ಕೇಳುವಂಥವು. ಆ ಕಾಲೇಜುಗಳು ಕೊಡುವ ವಾರ್ಷಿಕ ಚಂದಾದಲ್ಲೇ ರೆಫರಿಗಳ ಸಂಬಳ, ಬಸ್ಸಿನ ಬಾಡಿಗೆ, ಗೆದ್ದವರಿಗೆ ಕೊಡುವ ಕಪ್ಪು ಎಲ್ಲ ಆಗಬೇಕು. ಆಫೀಸು ಅಂದರೆ ಹತ್ತಿರದ ವುಡಿನ್‌ವಿಲ್‌ನಲ್ಲಿ ಮಹಡಿಯ ಮೇಲಿನ ಎರಡು ಕೋಣೆ. ಕೆಳಗೆ, ಎದುರಿಗೆ, ಪಕ್ಕದಲ್ಲಿ, ಎಲ್ಲೆಲ್ಲೂ ವೈನ್ ಅಂಗಡಿ. ಅವರ ಹತ್ತಿರ ಹಣವಿದೆ, ಕೊಡುವ ಮನಸ್ಸೂ ಇದೆ. ಆದರೆ ವಿದ್ಯಾರ್ಥಿಗಳ ಆಟಕ್ಕೆ ಮದ್ಯದ ಜಾಹೀರಾತು ಕೂಡದೆಂದು ಕಾನ್ಫರೆನ್ಸಿನ ನಿಯಮ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂದು ಅಕ್ಕ ಮೆಟ್ಟಿಲು ಹತ್ತುವಾಗಲೆಲ್ಲ ಹೇಳುತ್ತಿದ್ದರು.

ಅವರು ಮೈಸೂರಿನವರು. ಗಂಡನ ಕೆಲಸದ ಹಿಂದೆ ಬಂದು, ಪಕ್ಕದ ಊರು ರೆಡ್ಮಂಡಿನ ಎಜುಕೇಶನ್ ಹಿಲ್‌ನಲ್ಲಿ ಮನೆ ಮಾಡಿದರು. ಕೆಲಸ ಮಾಡಲು ವೀಸಾ ಬಿಡದ ವರ್ಷಗಳಲ್ಲಿ ಸುಮ್ಮನೆ ಕೂರಲಾರದೆ ಒಂದು ಕಾಲೇಜಿನ ಜಿಮ್ಮಿಗೆ ಹೋಗಿ, ಹುಡುಗಿಯರು ಚೆಂಡಿಗೆ ಬಿದ್ದೆದ್ದಾಗ ನೆಲದ ಮೇಲಿನ ಬೆವರು ಒರೆಸುವ ಸೇವೆಗೆ ಸೇರಿಕೊಂಡರು. ಬೆವರು ಒರೆಸದಿದ್ದರೆ ಮುಂದಿನವಳು ಜಾರುತ್ತಾಳೆ. ಅಲ್ಲಿಂದ ಸ್ಕೋರ್ ಬರೆಯುವುದು, ಆಮೇಲೆ ಆಫೀಸು, ಕೊನೆಗೆ ಇಡೀ ಕಾನ್ಫರೆನ್ಸಿನ ಆದಾಯ ಹೆಚ್ಚಿಸುವ ಹೊಣೆ. ಅಷ್ಟಾದರೂ ಟವೆಲು ಬಿಡಲಿಲ್ಲ. ಕಾಂಜೀವರಂ ಸೀರೆ ಉಟ್ಟು ಪ್ರಾಯೋಜಕರ ಪಕ್ಕ ಕೂತಿದ್ದವರು, ಕೋರ್ಟಿನಲ್ಲಿ ಯಾರಾದರೂ ಬಿದ್ದರೆ ಸೆರಗು ಸಿಕ್ಕಿಸಿಕೊಂಡು ಓಡಿಹೋಗಿ ನೆಲ ಒರೆಸಿ ಬರುತ್ತಿದ್ದರು. ಕಾರು ಮಾತ್ರ ಭಯಂಕರವಾಗಿ ಓಡಿಸುತ್ತಿದ್ದರು. ಮಾತಾಡುವಾಗ ಎರಡು ಕೈಯೂ ಬೇಕಿತ್ತು ಅವರಿಗೆ, ಮಾತು ನಿಲ್ಲುತ್ತಿರಲಿಲ್ಲ. ನಮ್ಮ ಮನೆಯಿಂದ ಒಯ್ದ ಡಬ್ಬಿಗಳನ್ನು ಅವರು ವಾಪಸು ಕೊಟ್ಟ ನೆನಪೂ ನನ್ನ ಹೆಂಡತಿಗಿಲ್ಲ.

ಮೂರನೆಯ ಭೇಟಿಯ ಹೊತ್ತಿಗೆ ನಾನು "ಸ್ವಾಮಿ"ಯಿಂದ "ಕಣಪ್ಪ"ಕ್ಕೆ ಇಳಿದಿದ್ದೆ. ಆಂಟಿ ಎಂದು ಕರೆದದ್ದಕ್ಕೆ ಬೈದು ಅಕ್ಕ ಎಂದು ಕರೆಸಿಕೊಂಡರು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವರ ಕಮಿಷನರು ಒಂದು ಸುದ್ದಿ ಹೇಳಿದರು. ಕಮಿಷನರ್ ಅಂದರೆ ಪೊಲೀಸ್ ಅಲ್ಲ, ಕಾನ್ಫರೆನ್ಸಿನ ಮುಖ್ಯಸ್ಥರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ, ಮೆತ್ತಗೆ ಮಾತಾಡುವ ಬಿಳಿಯ ಮನುಷ್ಯ, ಒಳ್ಳೆಯವರು. ಹೆಂಗಸರ ವಾಲಿಬಾಲಿನಲ್ಲಿ ವರ್ಷದ ಕೊನೆಗೆ ನಾಲ್ಕು ಒಳ್ಳೆಯ ತಂಡಗಳು ಸೇರಿ ಆಡುವ ಪಂದ್ಯಾವಳಿಯನ್ನು ಇನ್ನು ನಡೆಸಲಾಗುವುದಿಲ್ಲ ಎಂದರು. ಈ ನವೆಂಬರಿನಲ್ಲಿ ಅದು ತನ್ನ ಖರ್ಚನ್ನು ತಾನೇ ದುಡಿದುಕೊಂಡರೆ ಸರಿ. ಇಲ್ಲವಾದರೆ ಮುಂದಿನ ವರ್ಷದಿಂದ ಫೈನಲ್ ಇಲ್ಲ, ಪಾಯಿಂಟ್ ಹೆಚ್ಚು ಇರುವ ತಂಡಕ್ಕೆ ಕಪ್ಪನ್ನು ಕೊರಿಯರಿನಲ್ಲಿ ಕಳಿಸಿದರಾಯಿತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಕ್ಕ ಅವತ್ತು ನಮ್ಮ ಮನೆಗೆ ಬಂದವರು ಕಾಫಿ ಕುಡಿದು ಒಂದು ಮಾತೂ ಆಡದೆ ಎದ್ದುಹೋದರು. ನನ್ನ ಹೆಂಡತಿ ಗಾಬರಿಯಾಗಿ ಅವರ ಆರೋಗ್ಯ ವಿಚಾರಿಸಲು ಫೋನ್ ಮಾಡಿದಳು.

ಕಾರಣ ತಿಳಿದದ್ದು ದಸರೆಯಲ್ಲಿ, ಅವರ ಮನೆಗೆ ಗೊಂಬೆ ನೋಡಲು ಹೋದಾಗ. ಪಟ್ಟದ ಗೊಂಬೆಗಳ ಕೆಳಗೆ, ಬೇರೆಯವರು ಪಾರ್ಕು, ಮೃಗಾಲಯ ಮಾಡುವ ಜಾಗದಲ್ಲಿ, ಅವರು ಪುಟ್ಟ ವಾಲಿಬಾಲ್ ಕೋರ್ಟು ಮಾಡಿದ್ದರು. ಸೊಳ್ಳೆಪರದೆಯ ತುಂಡೇ ನೆಟ್ಟು. ನಾನು ಬಗ್ಗಿ ನೋಡುವಾಗ ಮೇಲಿನ ಮೆಟ್ಟಿಲು ಅಲುಗದಂತೆ ಹಿಂದೆ ಏನೋ ಒತ್ತುಕೊಟ್ಟಿರುವುದು ಕಾಣಿಸಿತು. ಮರದ ಹಲಗೆಗೆ ಹಿತ್ತಾಳೆ ತಗಡು ಹೊಡೆದ ಒಂದು ಶೀಲ್ಡು, ಗೋಡೆಗೆ ಮುಖ ಮಾಡಿತ್ತು. ತಿರುಗಿಸಿ ಓದಿದೆ. ಅಂತರ ಕಾಲೇಜು ವಾಲಿಬಾಲ್, ಮಹಿಳೆಯರು, ವಿಜೇತರು ಎಂದಿತ್ತು. ಇದನ್ನೇಕೆ ಹೀಗೆ ಬಚ್ಚಿಟ್ಟಿದ್ದೀರಿ ಎಂದು ಕೇಳಿದೆ.

ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಅವರು ಕಾಲೇಜು ತಂಡದ ಕ್ಯಾಪ್ಟನ್. ಕೊನೆಯ ವರ್ಷ ಫೈನಲ್ ತಲುಪಿದರು. ಎದುರಾಳಿ ಹಾಸನದ ಕಡೆಯ ಒಂದು ಕಾಲೇಜು. ಎರಡೂ ತಂಡದವರು ಯೂನಿಫಾರ್ಮ್ ಹಾಕಿಕೊಂಡು ಬಂದು ನಿಂತ ಮೇಲೆ, ಗ್ರೌಂಡಿಗೂ ರೆಫರಿಗೂ ಕೊಡಲು ದುಡ್ಡಿಲ್ಲ, ಹುಡುಗರ ಪಂದ್ಯಕ್ಕೇ ಎಲ್ಲ ಮುಗಿದುಹೋಯಿತು ಎಂದು ಪಂದ್ಯ ನಡೆಸುವವರು ಹೇಳಿದರಂತೆ. ರೆಫರಿ ಬೇಡ, ಎಲ್ಲಾದರೂ ಒಂದು ಹಗ್ಗ ಕಟ್ಟಿಕೊಂಡು ನಾವೇ ಆಡುತ್ತೇವೆ ಎಂದು ಹುಡುಗಿಯರು ಕೇಳಿಕೊಂಡರು. ಆಗುವುದಿಲ್ಲ ಎಂದರು. ನೀರಿನ ಲೋಟದಲ್ಲಿ ಎರಡು ಚೀಟಿ ಹಾಕಿ ಎತ್ತಿ ಎಂದರು. ಎತ್ತಿದವರು ಅಕ್ಕ. ಶೀಲ್ಡು ಅವರ ಕೈಗೆ ಬಂತು.

"ಆ ಹಾಸನದ ಹುಡುಗೀರು ನಮಗೆ ಚಪ್ಪಾಳೆ ಹೊಡೆದ್ರು ಕಣೋ," ಎಂದರು ಅಕ್ಕ. "ಬೈದಿದ್ರೂ ತಡ್ಕೋತಿದ್ದೆ. ಆಡದೇ ಸೋತೋರು, ಆಡದೇ ಗೆದ್ದೋರಿಗೆ ಚಪ್ಪಾಳೆ. ಇಲ್ಲೂ ಹಂಗಾಗೋಕೆ ನಾನು ಬಿಡಲ್ಲ."

ಅವತ್ತಿನಿಂದ ನವೆಂಬರಿನವರೆಗೆ ಅವರು ಮಾಡಿದ ಓಡಾಟ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಅದುವರೆಗೆ ಕಾನ್ಫರೆನ್ಸಿನ ಪದ್ಧತಿ ಏನೆಂದರೆ, ಪ್ರಾಯೋಜಕರಿಗೆ ಚಿನ್ನ ಬೆಳ್ಳಿ ಕಂಚು ಎಂದು ಮೂರು ದರ್ಜೆ ಮಾಡಿ, ಚೆಂದದ ಮೇಲ್ ಬರೆದು ಕಂಪನಿಗಳಿಗೆಲ್ಲ ಕಳಿಸುವುದು. ದೊಡ್ಡ ಕಾನ್ಫರೆನ್ಸಿನವರು ಹಾಗೆ ಮಾಡುತ್ತಾರಂತೆ. ದೊಡ್ಡೋರ ಮದುವೆ ನೋಡಿ ನಾವು ಛತ್ರ ಹಿಡಿಯೋದಲ್ಲ ಎಂದು ಅಕ್ಕ ಅದನ್ನು ನಿಲ್ಲಿಸಿದರು. "ಮೇಲಲ್ಲಿ ಕರೆದ್ರೆ ಮೇಲಲ್ಲೇ ಬರ್ತಾರೆ," ಎನ್ನುವುದು ಅವರ ವಾದ. ಕಾರಿನ ಡಿಕ್ಕಿಯಲ್ಲಿ ವಾಲಿಬಾಲುಗಳ ಪಕ್ಕ ಒಂದು ಬೆಳ್ಳಿ ತಟ್ಟೆ, ಕುಂಕುಮದ ಭರಣಿ, ಅಕ್ಷತೆಯ ಡಬ್ಬಿ ಇಟ್ಟುಕೊಂಡು, ಮಗಳ ಮದುವೆಗೆ ಕರೆಯುವವರ ಹಾಗೆ ಕನ್ನಡದವರ ಮನೆಮನೆಗೆ ಹೊರಟರು. ರೆಡ್ಮಂಡು, ಸಮಾಮಿಶ್ ಒಂದನ್ನೂ ಬಿಡಲಿಲ್ಲ. ಹೆಂಗಸರಿಗೆ ಕುಂಕುಮ, ಎಲ್ಲರಿಗೂ ಅಕ್ಷತೆ, ಮನೆಮಂದಿಯೆಲ್ಲ ಬರಬೇಕು ಎಂಬ ಮಾತು.

ಅಂಗಡಿಗಳಿಗೂ ಹಾಗೇ ಹೋದರು. ಎಂಟು ಕಾಲೇಜೂ ಬೇರೆ ಬೇರೆಯಾಗಿ ಹೋಗಿ ಕೈ ಚಾಚಿದರೆ ಅದು ಭಿಕ್ಷೆ, ಒಟ್ಟಿಗೆ ಹೋದರೆ ವ್ಯಾಪಾರ ಎಂದು ಕಮಿಷನರಿಗೆ ತಿಳಿಹೇಳಿ, ಟೈರ್ ಅಂಗಡಿಯ ಮಾಲೀಕನೊಬ್ಬನ ಬ್ಯಾನರನ್ನು ಎಂಟೂ ಜಿಮ್ಮುಗಳಲ್ಲಿ ತೂಗುಹಾಕುವ ಒಪ್ಪಂದ ಮಾಡಿಕೊಂಡರು. ಅಲ್ಲಿಗೆ ನಾನೂ ಜೊತೆಗೆ ಹೋಗಿದ್ದೆ. ಎದೆಯವರೆಗೆ ಗಡ್ಡ ಬಿಟ್ಟ ಆಸಾಮಿ. ಗ್ರೀಸು ಮೆತ್ತಿದ ಅವನ ಅಂಗೈಗೆ ಅಕ್ಷತೆ ಹಾಕಿ, ತಲೆಯ ಮೇಲೆ ಹಾಕಿಕೋ, ಫೈನಲ್ಲಿಗೆ ಬಾ ಎಂದರು. ಅವನು ಟೋಪಿ ತೆಗೆದು ಹಾಕಿಕೊಂಡ. ಬರುತ್ತೇನೆ, ಅಮ್ಮನನ್ನೂ ಕರೆತರಲೇ ಎಂದು ಕೇಳಿದ.

ಪಾರ್ಕಿಂಗ್ ಲಾಟಿನ ಅಪ್ಪಂದಿರನ್ನೂ ಅವರು ಮರೆತಿರಲಿಲ್ಲ. ಮಳೆಯಲ್ಲಿ ಸಾಲಾಗಿ ನಿಂತ ಕಾರುಗಳನ್ನು ಕಂಡಾಗಲೆಲ್ಲ ಅವರ ಕಣ್ಣಿಗೆ ಖಾಲಿ ಗ್ಯಾಲರಿಯೇ ಕಾಣುತ್ತಿತ್ತಂತೆ. ಆದ್ದರಿಂದ ಫೈನಲ್ಲಿನ ದಿನ ಬೆಳಿಗ್ಗೆ, ಕಾಲೇಜಿನ ಆಟಗಾರ್ತಿಯರೇ ಮಕ್ಕಳಿಗೆ ಹೇಳಿಕೊಡುವ ಶಿಬಿರ ಇಟ್ಟರು. ಶಿಬಿರಕ್ಕೆ ಶುಲ್ಕ ಉಂಟು. ಬಿಟ್ಟುಹೋಗಲು ಬರುವ ಅಪ್ಪ ಅಮ್ಮಂದಿರು ಮಧ್ಯಾಹ್ನದ ಬಿಸಿಬೇಳೆಬಾತಿಗೆ ಉಳಿಯುತ್ತಾರೆ, ಉಂಡವರು ಆಟಕ್ಕೂ ಉಳಿಯುತ್ತಾರೆ. ಊಟ ಇರುವ ಕಡೆಯಿಂದ ಕನ್ನಡದವರು ಮೊದಲೇ ಎದ್ದುಹೋದ ಉದಾಹರಣೆ ಇಲ್ಲ ಎಂದು ಅವರಿಗೆ ಭರವಸೆ.

ನನ್ನ ಕೊರಳಿಗೆ ಗಂಟೆ ಕಟ್ಟಿದ್ದೂ ಆಗಲೇ. ಆಟವನ್ನು ಇಂಟರ್ನೆಟ್ಟಿನಲ್ಲಿ ನೇರ ತೋರಿಸುವಾಗ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಬೇಕು. ಇಲ್ಲಿ ಸಂಜೆಯಾದರೆ ಅಲ್ಲಿ ಬೆಳಗಿನ ಕಾಫಿ ಹೊತ್ತು, ಅಜ್ಜಿ ತಾತಂದಿರು ನೋಡುತ್ತಾರೆ. ಅವರು ನೋಡಿದರೆ ಇಲ್ಲಿನ ಮಕ್ಕಳಿಗೆ ಫೋನ್ ಮಾಡಿ ನೀವೇಕೆ ಹೋಗಿಲ್ಲ ಎಂದು ಕೇಳುತ್ತಾರೆ. ನನಗೆ ವಾಲಿಬಾಲಿನ ಗಂಧವೂ ಇಲ್ಲ ಎಂದೆ. ಕ್ರಿಕೆಟ್ ನೋಡ್ತಾ ಟಿವಿಗೆ ಬಯ್ತೀಯಲ್ಲ, ಅದನ್ನೇ ಮೈಕಿಗೆ ಬಯಿ ಎಂದರು. ರೆಡ್ಮಂಡಿನಲ್ಲಿ ಇಡ್ಲಿ ಹಿಟ್ಟು ಮಾರುವ ಹೆಂಗಸೊಬ್ಬರು ನನ್ನ ವಿವರಣೆಗೆ ಪ್ರಾಯೋಜಕರಾದರು. ಚೆಂಡು ಬಹಳ ಹೊತ್ತು ನೆಲ ಮುಟ್ಟದೆ ಆಚೀಚೆ ಓಡಾಡಿದಾಗಲೆಲ್ಲ ಅವರ ಹಿಟ್ಟಿನ ಹೆಸರು ಹೇಳಬೇಕೆಂದು ಕರಾರು.

ಆ ದಿನ ಬಂತು. ವುಡಿನ್‌ವಿಲ್ ದಾಟಿ ಹೋದರೆ ಸಿಗುವ ಒಂದು ಕಾಲೇಜಿನ ಜಿಮ್ಮು. ಬೆಳಿಗ್ಗೆಯೇ ಲಾಟು ತುಂಬಿತು. ಅಕ್ಕ ಸೀಟಿ ಊದುತ್ತಾ ಒಂದೊಂದೇ ಕಾರಿನ ಕಿಟಕಿ ತಟ್ಟಿ ಒಳಗಿದ್ದ ಗಂಡಸರನ್ನೆಲ್ಲ ಇಳಿಸುತ್ತಿದ್ದರು. ರೇಷ್ಮೆ ಸೀರೆ, ಅದರ ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿದ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಬಂದರು. ಬೇರೆ ಕಾಲೇಜುಗಳ ಹುಡುಗ ಹುಡುಗಿಯರು ಮುಖಕ್ಕೆ ಬಣ್ಣ ಬಳಿದುಕೊಂಡು ಬಂದರು. ಟೈರ್ ಅಂಗಡಿಯವನು ಅಮ್ಮನೊಂದಿಗೆ ಬಂದು ಮುಂದಿನ ಸಾಲಿನಲ್ಲೇ ಕೂತ. ಕಮಿಷನರು ಬಾಗಿಲಲ್ಲಿ ನಿಂತು, ಇಷ್ಟು ಜನರನ್ನು ಈ ಜಿಮ್ಮಿನಲ್ಲಿ ತಾನು ಕಂಡೇ ಇಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದರು.

ಫೈನಲ್ ಶುರುವಾಗಲು ಸ್ವಲ್ಪ ಹೊತ್ತಿದೆ ಎನ್ನುವಾಗ ಕಮಿಷನರು ಅಕ್ಕನ ಹತ್ತಿರ ಬಂದರು, ಮುಖ ಬಿಳಿಚಿತ್ತು. ಜಿಮ್ಮಿನಲ್ಲಿ ನಿಲ್ಲಲು ಜಾಗವಿಲ್ಲ, ಟಿಕೆಟಿನ ಪೆಟ್ಟಿಗೆ ಮಾತ್ರ ಹೆಚ್ಚುಕಡಿಮೆ ಖಾಲಿ. ಟಿಕೆಟ್ ಮೇಜಿನ ಹತ್ತಿರ ಕೂತಿದ್ದ ವಿದ್ಯಾರ್ಥಿನಿಯನ್ನು ಕೇಳಿದರೆ, ಬಂದವರೆಲ್ಲ, ನಮ್ಮನ್ನು ಕರೆದಿದ್ದಾರೆ ಎಂದು ನಕ್ಕು ಒಳಗೆ ಹೋದರು, ನನಗೆ ತಡೆಯಲು ತಿಳಿಯಲಿಲ್ಲ ಎಂದಳು. ಅವಳ ತಪ್ಪೇನಿದೆ? ಅಷ್ಟು ಮನೆಗಳಿಗೆ ಹೋದ ಅಕ್ಕ ಒಂದು ಕಡೆಯೂ ಟಿಕೆಟಿನ ಮಾತು ಎತ್ತಿರಲಿಲ್ಲ. ಅಕ್ಷತೆ ಕೊಟ್ಟು ಬನ್ನಿ ಎಂದು ಕರೆದ ಬಾಯಲ್ಲೇ ಬರುವಾಗ ದುಡ್ಡು ತನ್ನಿ ಎಂದು ಹೇಳುವುದು ಹೇಗೆ? ಕನ್ನಡದವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ಬಿಸಿಬೇಳೆಬಾತನ್ನೂ ಎಲ್ಲರೂ ಅದೇ ಲೆಕ್ಕದಲ್ಲಿ ಉಂಡಿದ್ದರು.

ಶಿಬಿರದ ಶುಲ್ಕ, ಬ್ಯಾನರು, ಇಡ್ಲಿ ಹಿಟ್ಟು ಎಲ್ಲ ಸೇರಿಸಿದರೂ ಖರ್ಚಿನ ಅರ್ಧಕ್ಕೆ ಬರುವುದಿಲ್ಲ, ಈಗಲೇ ಮೈಕಿನಲ್ಲಿ ಎಲ್ಲರಿಗೂ ಟಿಕೆಟ್ ಕೊಳ್ಳಲು ಹೇಳೋಣ ಎಂದರು ಕಮಿಷನರು. ಅಕ್ಕ ಬೇಡ ಎಂದರು. ಆಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಸಿದು, ಟವೆಲನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು.

"ಕುಂಕುಮ ಕೊಟ್ಟು ಕರೆದೋರನ್ನ ನಡುವೆ ಎಬ್ಬಿಸಿ ದುಡ್ಡು ಕೇಳೋಕಾಗತ್ತೇನೋ," ಎಂದರು. "ಇದೇ ಕೊನೇ ಫೈನಲ್ ಆದ್ರೆ ಆಗ್ಲಿ. ನೋಡ್ಕೊಂಡಾದ್ರೂ ಹೋಗೋಣ."

ಅಷ್ಟರಲ್ಲಿ ಆಟ ಶುರುವಾಯಿತು ನೋಡಿ. ಒಂದು ಕಡೆ ತಾಳೆಮರದಂಥ ಹುಡುಗಿಯರು. ಇನ್ನೊಂದು ಕಡೆ, ಬೆರಳಿಗೆ ಪಟ್ಟಿ ಸುತ್ತಿದ ಒಬ್ಬ ಗಿಡ್ಡ ಹುಡುಗಿ ಇಡೀ ತಂಡವನ್ನು ಕುಣಿಸುತ್ತಿದ್ದಳು. ಮೊದಲೆರಡು ಸೆಟ್ ಎತ್ತರದವರದು. ಮೂರನೆಯದರಲ್ಲಿ ಗಿಡ್ಡಿ ಎಚ್ಚೆತ್ತಳು. ನಾಲ್ಕನೆಯದರ ಹೊತ್ತಿಗೆ ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ನಿಯಮ ಗೊತ್ತಿಲ್ಲದಿದ್ದರೆ ಏನಂತೆ, ಚೆಂಡು ನೆಲ ಮುಟ್ಟಬಾರದು ಅಷ್ಟೇ ತಾನೇ. ಹಿಡಿದಳು, ಎತ್ತಿದಳು, ಹೊಡೆದಳು, ಅಯ್ಯೋ ಮತ್ತೆ ಎತ್ತಿದರು ಎಂದು ಒದರುತ್ತಾ ಇಡ್ಲಿ ಹಿಟ್ಟನ್ನು ಮರೆತೇಬಿಟ್ಟೆ. ಪಕ್ಕದಲ್ಲಿ ಅಕ್ಕ ತಮ್ಮ ಚಿಂತೆ ಮರೆತು ಎರಡು ಸಲ ನೆಲ ಒರೆಸಿ ಬಂದರು. ಮಗಳು ಗೆಳತಿಯರೊಂದಿಗೆ ಬೆಂಚಿನ ಮೇಲೆ ನಿಂತು ಕೂಗುತ್ತಿದ್ದಳು. ಮಂಡ್ಯದಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿಯಂತೂ ಗಿಡ್ಡ ಹುಡುಗಿಗೆ ಬುಡಬ್ಯಾಡ ಕನವ್ವ, ಬುಡಬ್ಯಾಡ ಎಂದು ಹೇಳುತ್ತಲೇ ಇದ್ದರು. ಐದನೆಯ ಸೆಟ್ಟು ಹದಿನೈದಕ್ಕೆ ಮುಗಿಯಬೇಕು. ಹದಿನಾಲ್ಕು ಹದಿನಾಲ್ಕಕ್ಕೆ ಬಂದು ನಿಂತು, ಮುಂದೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಗಿಡ್ಡಿ ಚೆಂಡನ್ನು ಎತ್ತಿಕೊಡುತ್ತಾಳೆ ಎಂದು ಎಲ್ಲರೂ ಕಾದಿರುವಾಗ, ಬೆರಳ ತುದಿಯಿಂದ ತಾನೇ ನೆಟ್ಟಿನಾಚೆಗೆ ಮೆಲ್ಲಗೆ ಉದುರಿಸಿಬಿಟ್ಟಳು. ಆ ಕಡೆ ಆರೂ ಜನ ಇದ್ದರು, ಚೆಂಡಿನ ಹತ್ತಿರ ಮಾತ್ರ ಯಾರೂ ಇರಲಿಲ್ಲ.

ಜಿಮ್ಮಿನ ತಗಡು ಹಾರಿಹೋಗುವಷ್ಟು ಗದ್ದಲ. ಸೋತ ಹುಡುಗಿಯರು ಕೋರ್ಟಿನಲ್ಲೇ ಕೂತು, ಒಬ್ಬರನ್ನೊಬ್ಬರು ಹಿಡಿದುಕೊಂಡು ಜೋರಾಗಿ ಅಳತೊಡಗಿದರು. ಅಕ್ಕ ನನ್ನ ತೋಳು ಹಿಡಿದುಕೊಂಡರು. ಅವರ ಕಣ್ಣಲ್ಲೂ ನೀರಿತ್ತು, ಮುಖ ಮಾತ್ರ ಅರಳಿತ್ತು.

"ಹೆಂಗೆ ಅಳ್ತಿದಾರೆ ನೋಡು," ಎಂದರು. "ಆಡಿ ಸೋತಿದಾರೆ ಕಣೋ. ಇದು ಫೈನಲ್."

ಕಮಿಷನರು ಖಾಲಿ ಪೆಟ್ಟಿಗೆಯನ್ನು ಎತ್ತಿಡಲು ಹೋದಾಗ ಅದರ ಎದುರು ಆ ಮಂಡ್ಯದ ಅಜ್ಜಿ ನಿಂತಿದ್ದರು. ಕೈಯಲ್ಲಿ ಒಂದು ಕವರು. ಇವರಿಗೆ ಅವರ ಮಾತು ತಿಳಿಯದು, ಅವರಿಗೆ ಇವರ ಮಾತು. ಅಕ್ಕ ಓಡಿಬಂದರು. ಅಜ್ಜಿ ಅವರನ್ನು ಗದರಿಸಿದರು.

"ಮುಯ್ಯಿ ಬರ್ಸ್ಕಳರು ಯಾರೂ ಇಲ್ವಲ್ಲವ್ವ ಇಲ್ಲಿ. ಕರ್ದ ಮನೆಗೆ ಬಂದು, ಉಂಡು, ಬರೀ ಕೈಲಿ ಹೋಗಕ್ಕಾಯ್ತದಾ?"

ಮದುವೆ ಮನೆಯಲ್ಲಿ ಉಂಡವರು ಮುಯ್ಯಿ ಮಾಡದೆ ಮೆಟ್ಟಿಲು ಇಳಿಯುವುದುಂಟೇ? ಅಜ್ಜಿಯ ಹಿಂದೆ ಅವರ ಸೊಸೆ ಪರ್ಸು ತೆಗೆದಳು, ಅವಳ ಹಿಂದೆ ನನ್ನ ಹೆಂಡತಿ. ಎ.ಟಿ.ಎಮ್ ಹುಡುಕಿಕೊಂಡು ಒಂದಿಬ್ಬರು ಗಂಡಸರು ಓಡಿದರು. ಇಪ್ಪತ್ತು ಡಾಲರಿನ ನೋಟಿನ ಮೇಲೆ ಇಡಲು ಒಂದು ಡಾಲರ್ ಇಲ್ಲದೆ ಅಕ್ಕಪಕ್ಕದವರನ್ನು ಕೇಳುವ ಗಲಾಟೆ ಬೇರೆ. ಸಾಲು ಬಾಗಿಲು ದಾಟಿ ಲಾಟಿಗೆ ಹೋಯಿತು. ಮುಖಕ್ಕೆ ಬಣ್ಣ ಬಳಿದ ಹುಡುಗರು ಇದೇನು ಎಂದು ವಿಚಾರಿಸಿ ತಾವೂ ನಿಂತರು. ಟೈರ್ ಅಂಗಡಿಯವನು ಗಡ್ಡ ನೀವಿಕೊಳ್ಳುತ್ತಾ, ತನಗೂ ಅಕ್ಕಿ ಹಾಕಿ ಕರೆದಿದ್ದಾರೆ ಎಂದು ಎಲ್ಲರಿಗೂ ಹೇಳಿಕೊಂಡು ನಿಂತಿದ್ದ. ನಾನು ಮೈಕಿನಲ್ಲಿ ಇದನ್ನೂ ವರ್ಣಿಸಿದೆ. ಖರ್ಚೆಲ್ಲ ಕಳೆದು ಒಂದಿಷ್ಟು ಉಳಿಯಿತು ಕೂಡ.

ಕಮಿಷನರಿಗೆ ಈಗ ಬೇರೆ ತಲೆನೋವು. ಇದು ಟಿಕೆಟ್ ಅಲ್ಲ, ದೇಣಿಗೆಯೂ ಅಲ್ಲ, ಎಂಟು ಕಾಲೇಜುಗಳಿಗೆ ಇದನ್ನು ಏನೆಂದು ತೋರಿಸಲಿ ಎಂದರು. ಮುಯ್ಯಿ ಎಂದೇ ತೋರಿಸಿ, ಆದರೆ ಇದು ತಿರುಗಿ ಕೊಡಬೇಕಾದದ್ದು ಎಂದರು ಅಕ್ಕ. ಅವರು ಬೆಚ್ಚಿಬಿದ್ದರು. ದುಡ್ಡಲ್ಲ, ಅವರ ಮನೆಗೆ ಹೋಗಬೇಕು ಎಂದು ಅಕ್ಕ ಬಿಡಿಸಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಆಡಿದ ಮಾತನ್ನು ನಾನು ಮರೆತಿಲ್ಲ.

"ಟಿಕೆಟ್ ತಗೊಂಡೋನ ಲೆಕ್ಕ ಬಾಗಿಲಲ್ಲೇ ಮುಗೀತು. ಮುಯ್ಯಿ ಮಾಡಿದೋನ ಲೆಕ್ಕ ಮುಗಿಯಲ್ಲ ಕಣೋ. ನಮ್ಮಂಥ ಸಣ್ಣೋರು ಬದುಕೋದು ಅದರಲ್ಲೇ."

ಸಂಕ್ರಾಂತಿಯ ದಿನ ಎಜುಕೇಶನ್ ಹಿಲ್‌ನ ಏರು ರಸ್ತೆಗಳಲ್ಲಿ ತಾಳೆಮರದಂಥ ಆ ಹುಡುಗಿಯರೂ ಗಿಡ್ಡ ಹುಡುಗಿಯೂ ಮನೆಮನೆಯ ಬೆಲ್ ಒತ್ತಿ ಎಳ್ಳು ಬೀರಿದರು. ಹಿಂದೆ ಕಮಿಷನರು ಕಬ್ಬಿನ ತುಂಡುಗಳ ಬುಟ್ಟಿ ಹೊತ್ತುಕೊಂಡಿದ್ದರು. ಸಮಾಮಿಶ್‌ನ ನಮ್ಮ ಮನೆಗೂ ಬಂದರು. ಅಂಗಳದಲ್ಲಿ ಮಗಳಿಗೆ ಸರ್ವ್ ಮಾಡುವುದನ್ನು ಹೇಳಿಕೊಟ್ಟು ಹೋದರು. ಅದಾದ ಮೇಲೆ ಅವರ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ನೋಡಲು ಹೋಗದಿದ್ದರೆ ಹೇಗೆ, ಸಾಫ್ಟ್‌ಬಾಲ್ ನೋಡಲು ಹೋಗದಿದ್ದರೆ ಹೇಗೆ? ಇಡೀ ವರ್ಷದ ಪಾಸನ್ನು ನಾವೆಲ್ಲ ಕೇಳಿ ಕೊಂಡೆವು. ಕಾನ್ಫರೆನ್ಸ್ ಬಿಡಬೇಕೆಂದಿದ್ದ ಒಂದೆರಡು ಕಾಲೇಜುಗಳು ಆ ಮಾತನ್ನು ಅಲ್ಲಿಗೇ ಬಿಟ್ಟವು. ಮಕ್ಕಳು ಮಾತ್ರ ಅಕ್ಕನಿಗೆ ಟಿಕೆಟ್ ಆಂಟಿ ಎಂದು ಹೆಸರಿಟ್ಟರು, ಟಿಕೆಟ್ ಕೇಳಲಾರದ ಆಂಟಿ ಎಂದು ಛೇಡಿಸಲು. ಅವರಿಗದು ಇಷ್ಟವೇ ಆಯಿತು.

ಈ ನವೆಂಬರಿನದು ಅವರ ಕೊನೆಯ ಪಂದ್ಯಾವಳಿ. ಜಿಮ್ಮು ಮತ್ತೆ ತುಂಬಿತ್ತು, ಮೈಕಿನ ಮುಂದೆ ನಾನು ಮತ್ತೆ ಒದರಿದ್ದೆ. ಫೈನಲ್ ಮುಗಿದು ಕಪ್ಪು ಕೊಟ್ಟಾದ ಮೇಲೆ ಕಮಿಷನರು ಅಕ್ಕನನ್ನು ಕರೆದರು. ಅವರು ಮೊದಲು ಕೋರ್ಟಿನಲ್ಲಿ ಎಲ್ಲೋ ಹಸಿ ಕಂಡು, ಬಗ್ಗಿ ಒರೆಸಿದರು. ಆಮೇಲೆ ಚೀಲದಿಂದ ಆ ಮೈಸೂರಿನ ಶೀಲ್ಡು ತೆಗೆದರು. ಹುಣಸೆಹಣ್ಣು ಹಾಕಿ ತಿಕ್ಕಿದ್ದರು, ತಗಡು ಬಂಗಾರದ ಹಾಗೆ ಹೊಳೆಯುತ್ತಿತ್ತು. ಇನ್ನು ಮೇಲೆ ಕಪ್ಪಿನ ಜೊತೆ ಇದೂ ಪ್ರತಿವರ್ಷ ಗೆದ್ದ ತಂಡಕ್ಕೆ ಹೋಗಲಿ ಎಂದು ಕ್ಯಾಪ್ಟನ್ನಿನ ಕೈಗಿಟ್ಟರು. ಈ ಸಲದ ಕ್ಯಾಪ್ಟನ್ ಅದೇ ಗಿಡ್ಡ ಹುಡುಗಿ. ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಏನು ಬರೆದಿದೆ ಎಂದು ಕೇಳಿದಳು.

ಅಕ್ಕ ತಗಡಿನ ಮೇಲೆ ಮೂಡಿದ ಬೆರಳಚ್ಚನ್ನು ಟವೆಲಿನಿಂದ ಒರೆಸಿದರು. ಆಮೇಲೆ, ಆಡಿ ಗೆದ್ದವರಿಗೆ ಎಂದು ಬರೆದಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಮುಂದಿನ ಸಾಲಿನ ತುಂಬ ಕನ್ನಡ ಓದಬಲ್ಲವರೇ ಕೂತಿದ್ದರು. ಶೀಲ್ಡಿನ ಮೇಲಿನ ವಿಜೇತರು ಎಂಬ ಅಕ್ಷರ ಅವರ ಕಣ್ಣೆದುರೇ ಇತ್ತು. ಯಾರೂ ತಿದ್ದಲು ಹೋಗಲಿಲ್ಲ. ಅಷ್ಟರಲ್ಲಿ ಮೈಸೂರಿನಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ನೋಡುತ್ತಿದ್ದ ಯಾರೋ, ಕ್ಯಾಮೆರಾದಲ್ಲಿ ಅಕ್ಷರ ಕಾಣುತ್ತಿಲ್ಲ, ಶೀಲ್ಡಿನ ಮೇಲೆ ಏನಿದೆ ಓದಿ ಹೇಳಿ ಎಂದು ಮೆಸೇಜು ಹಾಕಿದರು. ನಾನು ಮೈಕನ್ನು ಹತ್ತಿರ ಎಳೆದುಕೊಂಡು ಓದಿದೆ: "ಆಡಿ ಗೆದ್ದವರಿಗೆ."